ಮೈಕಿನಲ್ಲಿ ಹೇಳಿಬಿಟ್ಟ ಮಾತು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ವಾಣಿಗೆ ಜನ ಇಟ್ಟ ಹೆಸರು 'ಬಿಪಿ ಟೀಚರ್'. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಬೇರೆ ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಸಮುದಾಯ ಭವನದಲ್ಲಿ ದಿನಾ ಬೆಳಗ್ಗೆ ಆರಕ್ಕೆ ಆಕೆ ಪ್ರಾಣಾಯಾಮ ಹೇಳಿಕೊಡುತ್ತಾಳೆ. ಹೊಸಬರು ಯಾರೇ ಬಂದರೂ ಚಾಪೆ ಹಾಸುವ ಮುಂಚೆ ಕೈಗೆ ಒಂದು ಹಾಳೆ ಕೊಡುತ್ತಿದ್ದಳು. ಬಿಪಿ ಇದೆಯಾ, ಹೃದಯದ ತೊಂದರೆ ಇದೆಯಾ, ಫಿಟ್ಸ್ ಬಂದಿತ್ತಾ, ದಮ್ಮು ಇದೆಯಾ, ಕಣ್ಣಿನ ಆಪರೇಷನ್ ಆಗಿದೆಯಾ, ಬಸುರಿಯಾ, ಮನಸ್ಸಿಗೆ ಸಂಬಂಧಪಟ್ಟ ಮಾತ್ರೆ ತಗೊಳ್ತೀರಾ ಎಂದೆಲ್ಲ ಅದರಲ್ಲಿ ಕೇಳಿರುತ್ತಿತ್ತು.

"ಉಸಿರಾಡಾಕೂ ಅರ್ಜಿ ತುಂಬಬೇಕೇನ್ರಿ ಮೇಡಂ?" ಎಂದು ಮಂಡಿಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬ ಎಲ್ಲರ ಮುಂದೆ ಕೇಳಿ ನಗಿಸಿದ್ದ. ವಾಣಿ ನಕ್ಕಿರಲಿಲ್ಲ. "ತುಂಬಿ ಕೊಡ್ರಿ, ಆಮೇಲೆ ಉಸಿರಾಡ್ರಿ" ಅಂದಿದ್ದಳು.

ಆಕೆಗೆ ಈಗ ನಲವತ್ತೆಂಟು. ಚಿಕ್ಕಂದಿನಿಂದ ದಮ್ಮು. ಹತ್ತನೇ ಕ್ಲಾಸಿನಲ್ಲಿದ್ದಾಗ ಕರಿಬಸವರಾಜ ಎಂಬ ಡ್ರಿಲ್ ಮಾಸ್ತರರು ಶಾಲೆಯ ಜಗಲಿಯ ಮೇಲೆ ಕೂರಿಸಿಕೊಂಡು, ಮೊದಲು ಉಸಿರು ಬಿಡುವುದನ್ನು ಕಲಿಸಿದರು. ತುಟಿ ಸಣ್ಣಗೆ ಮಾಡಿ, ಬಿಸಿ ಚಹಾ ಆರಿಸುವಂತೆ, ಆತುರವಿಲ್ಲದೆ. ಆಕೆಯ ಇನ್‌ಹೇಲರ್ ತಪ್ಪಲಿಲ್ಲ, ಆದರೆ ಉಸಿರು ಸಿಕ್ಕದೇ ಹೋದಾಗಿನ ಭಯ ತಪ್ಪಿತು. ಆ ಭಯ ಹೋದದ್ದೇ ಆಕೆಗೆ ದೊಡ್ಡದಾಗಿ ಕಂಡು, ಮದುವೆಯಾಗಿ, ಮಗಳು ಶಾಲೆಗೆ ಸೇರಿದ ಮೇಲೆ, ಯೋಗದ ಡಿಪ್ಲೊಮಾ ಮಾಡಿ ತಾನೇ ಕಲಿಸಲು ಕೂತಳು.

ಹಾಳೆ ಶುರುವಾದದ್ದು ಮೂರನೇ ವರ್ಷದಲ್ಲಿ, ಅದೂ ಆಕೆಯದೇ ತಪ್ಪಿನಿಂದ. ಆ ದಿನ ಕ್ಲಾಸಿಗೆ ಹುರುಪು ಬಂದಿತ್ತು. ಕಪಾಲಭಾತಿಯನ್ನು ಇನ್ನೂ ಒಂದು ಸುತ್ತು, ಇನ್ನೂ ಒಂದು ಸುತ್ತು ಎಂದು ಮಾಡಿಸುತ್ತಾ ಹೋದಳು. ಎರಡನೇ ಸಾಲಿನಲ್ಲಿದ್ದ ನಿರ್ಮಲಮ್ಮ ಎಂಬ ಅರವತ್ತರ ಹೆಂಗಸು ಮುಖ ಕೆಂಪಾಗಿ, ಏಳಲು ಹೋಗಿ ಕಂಬದ ಅಂಚಿಗೆ ಬಡಿದು ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಬಿಪಿ ನೂರಾ ತೊಂಬತ್ತು ಇತ್ತು. "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ, ಬಿಡವ್ವಾ" ಅಂದರು ನಿರ್ಮಲಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ಅವರು ಬಿಟ್ಟರು, ವಾಣಿ ಬಿಡಲಿಲ್ಲ. ಮರುವಾರವೇ ಹಾಳೆ ಟೈಪ್ ಮಾಡಿಸಿದಳು. ಜೋರಿನ ಉಸಿರಾಟ ಎಲ್ಲರಿಗೂ ಹೇಳುವುದನ್ನು ನಿಲ್ಲಿಸಿದಳು. ತಲೆ ಸುತ್ತಿದರೆ, ಎದೆ ಹಿಡಿದರೆ, ಸುಮ್ಮನೆ ಬೇಡ ಅನ್ನಿಸಿದರೂ ನಿಲ್ಲಿಸಿ ಮಾಮೂಲಿ ಉಸಿರಾಡಿ, ಯಾರನ್ನೂ ಕೇಳಬೇಕಿಲ್ಲ ಎಂದು ದಿನಾ ಕ್ಲಾಸಿನ ಆರಂಭದಲ್ಲಿ ಹೇಳತೊಡಗಿದಳು. ಹನ್ನೊಂದು ವರ್ಷ ಹೀಗೆ ನಡೆಯಿತು. ನಲವತ್ತು ಜನ ಬರುತ್ತಿದ್ದರು.

ಆಮೇಲೆ ಅಂಜನಕುಮಾರ ಬಂದ.

ಮೊದಲು ಯಾವುದೋ ಕಂಪನಿಯ ಸೇಲ್ಸ್‌ನಲ್ಲಿದ್ದವನು, ನಲವತ್ತರ ಆಸುಪಾಸು, ಚೆನ್ನಾಗಿ ಮಾತಾಡುತ್ತಿದ್ದ. ಎಲ್ಲೋ ಹತ್ತು ದಿನದ ತರಬೇತಿ ಮುಗಿಸಿ ಬಂದು ಹಳೇ ಪಿ.ಬಿ. ರಸ್ತೆಯಲ್ಲಿ ಕಚೇರಿ ತೆರೆದ. ಕತ್ತಲೆ ಮಾಡಿದ ಹಾಲ್, ದೊಡ್ಡ ಸ್ಪೀಕರ್, ಡ್ರಮ್ಮಿನ ಸದ್ದು. ಮುಕ್ಕಾಲು ಗಂಟೆ ಬಾಯಿಂದ ಬಿರುಬಿರನೆ ಉಸಿರಾಟ. ಜನ ಅತ್ತರು, ನಕ್ಕರು, ಕೂಗಿದರು. ಹೊರಗೆ ಬಂದು 'ಹಗುರಾಯ್ತು' ಅಂದರು. ಹಗುರಾಗಿದ್ದೂ ಸುಳ್ಳಲ್ಲ ಇರಬಹುದು ಎಂದು ವಾಣಿಗೂ ಅನ್ನಿಸಿತ್ತು. ಆದರೆ ಕೈಬೆರಳು ಕೊಕ್ಕೆಯಂತೆ ಸೆಟೆದದ್ದನ್ನು ಹೆಮ್ಮೆಯಿಂದ ಹೇಳುವವರನ್ನು ಕಂಡಾಗ ಆಕೆಗೆ ಮೈ ಉರಿಯುತ್ತಿತ್ತು. ಅಷ್ಟು ಬಿರುಸಾಗಿ ಉಸಿರಾಡಿದರೆ ಯಾರ ಕೈಯಾದರೂ ಸೆಟೆಯುತ್ತದೆ, ಅದು ದೇಹ ಸಾಕು ಎನ್ನುವ ರೀತಿ ಎಂದು ಹೇಳಿದರೆ, "ನಿಮ್ಮದು ಬರೀ ಹೆದರಿಕಿ ಟೀಚರ್" ಎಂದು ಮಾತು ಮುಗಿಸುತ್ತಿದ್ದರು. ಒಂದು ವರ್ಷದೊಳಗೆ ಆಕೆಯ ನಲವತ್ತು ಹದಿನಾಲ್ಕಾಯಿತು.

ಹಾಗಿದ್ದೂ ಅಂಜನಕುಮಾರನೇ ಒಂದು ದಿನ ಮನೆಗೆ ಬಂದ. ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ ಭಾನುವಾರ ಶಿಬಿರ, ನೂರಾ ಅರವತ್ತು ಜನ ಹೆಸರು ಕೊಟ್ಟಿದ್ದಾರೆ, ಅನುಭವ ಇರುವವರು ಒಬ್ಬರು ಜೊತೆಗೆ ಬೇಕು ಎಂದ. ವಾಣಿ ಷರತ್ತು ಹಾಕಿದಳು. ಎಲ್ಲರೂ ಹಾಳೆ ತುಂಬಬೇಕು. ಹತ್ತು ಜನರಿಗೆ ಒಬ್ಬರಂತೆ ನೋಡಿಕೊಳ್ಳುವವರಿರಬೇಕು. ಉಸಿರು ಕಟ್ಟಿ ಹಿಡಿಸುವಂತಿಲ್ಲ. ಬೇಡ ಎಂದವರನ್ನು ಒತ್ತಾಯಿಸುವಂತಿಲ್ಲ.

"ಆಯ್ತು ಮೇಡಂ, ಎಲ್ಲಾ ನೀವು ಹೇಳಿದಂಗೇ" ಎಂದ. ಪ್ರತಿ ಷರತ್ತಿಗೂ ಅದೇ ಮಾತು, ಅದೇ ನಗು.

ಅವನು ಹೋದ ಮೇಲೆ ಗಂಡ ಕೊಟ್ಟೂರೇಶ್ ತಲೆ ಅಲ್ಲಾಡಿಸಿದ. ಮಂಡಿಪೇಟೆಯಲ್ಲಿ ಕಾಳಿನ ಸಗಟು ಅಂಗಡಿ ಇಟ್ಟವನು, ಗಿರಾಕಿಗಳ ಮುಖ ನೋಡಿ ಪಳಗಿದವನು. "ಅಷ್ಟು ಬೇಗ ಒಪ್ಪಿದವ ಯಾವುದನ್ನೂ ಮಾಡಂಗಿಲ್ಲ ವಾಣಿ. ನಿನ್ನ ಹೆಸರು ಬೋರ್ಡಿಗೆ ಬೇಕಾಗೈತೆ ಅವಂಗೆ. ಹೋಗಬ್ಯಾಡ."

"ನಾನು ಹೋಗ್ದಿದ್ರೆ ಅಲ್ಲಿ ನೋಡೋರು ಯಾರು ಅದಾರೆ ಹೇಳ್ರಿ?"

ಅದು ನಿಜವೇ. ಆದರೆ ತನ್ನನ್ನು ಬಿಟ್ಟುಹೋದ ಇಪ್ಪತ್ತಾರು ಜನಕ್ಕೆ ಅಲ್ಲಿ ಏನು ಸಿಗುತ್ತಿದೆ ಎಂದು ಒಮ್ಮೆ ನೋಡಬೇಕೆಂಬ ಆಸೆಯೂ ಒಳಗಿತ್ತು. ಅದನ್ನು ಗಂಡನಿಗೆ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ತನ್ನ ಕ್ಲಾಸಿನ ಆಮ್ನಾಳನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದಳು. ಆಮ್ನಾ ನಿವೃತ್ತ ನರ್ಸ್, ಮೊದಲ ದಿನದಿಂದ ಬರುತ್ತಿದ್ದವಳು, ಮಾತು ಕಡಿಮೆ. ಮಂಟಪದ ಬಾಗಿಲಿಗೆ ಬಂದಾಗಲೇ ಇಬ್ಬರೂ ಮುಖ ಮುಖ ನೋಡಿಕೊಂಡರು. ಹದಿನಾರು ಜನ ಇರಬೇಕಾದ ಕಡೆ ಆರು ಜನ ಸ್ವಯಂಸೇವಕರು. ಉದ್ದ ಸಾಲು. ಮೇಜಿನ ಹಿಂದೆ ಕೂತವನು ಬಂದವರಿಗೆಲ್ಲ ಗಟ್ಟಿಯಾಗಿ, "ಬಿಪಿ, ಶುಗರ್, ಫಿಟ್ಸ್, ಏನೂ ಇಲ್ಲ ಅಲ್ರಿ? ಇಲ್ಲ ಅಂತ ಹಾಕ್ತೀನಿ, ಸೈನ್ ಮಾಡ್ರಿ" ಎನ್ನುತ್ತಿದ್ದ.

ವಾಣಿ ಅವನನ್ನು ಎಬ್ಬಿಸಿ ತಾನೇ ಕೂತಳು. ಒಬ್ಬೊಬ್ಬರನ್ನೇ ಕೇಳಿದಳು. ಬಿಪಿ ಇದ್ದ ಒಂಬತ್ತು ಜನ, ದಮ್ಮಿದ್ದ ಮೂವರು, ಆರು ತಿಂಗಳ ಬಸುರಿ ಒಬ್ಬಳು ಸಿಕ್ಕರು. ಅವರನ್ನೆಲ್ಲ ಹಿಂದಿನ ಸಾಲಿಗೆ ಕಳಿಸಿ, ನಿಧಾನದ ಉಸಿರಾಟ ಮಾತ್ರ ಎಂದು ಹೇಳಿದಳು. ಅಂಜನಕುಮಾರ ಎರಡು ಸಲ ಬಂದು ಗಡಿಯಾರ ತೋರಿಸಿ ಹೋದ. ಸಾಲಿನಲ್ಲಿ ಗೊಣಗಾಟ ಎದ್ದಿತು.

ಆಗ ಗುತ್ತೂರಿನಿಂದ ಬಂದ ಓಬವ್ವ ಮತ್ತು ಮಗಳು ದುರ್ಗಾ ಮೇಜಿನ ಮುಂದೆ ಬಂದರು. ತಾಯಿ ಹೊಲದ ಕೆಲಸದವಳು. ಮಗಳಿಗೆ ಇಪ್ಪತ್ತಮೂರು, ಊರ ಬಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ.

"ಏನಾದ್ರೂ ಮಾತ್ರೆ ತಗಂತೀಯೇನವ್ವಾ?" ಎಂದು ವಾಣಿ ದುರ್ಗಾಳನ್ನು ಕೇಳಿದಳು.

ದುರ್ಗಾ ತಾಯಿಯ ಮುಖ ನೋಡಿದಳು. ಓಬವ್ವ ತಟ್ಟನೆ, "ಏನಿಲ್ರಿ ಮೇಡಮ್ಮಾರೆ, ಗಟ್ಟಿಮುಟ್ಟಾಗಿ ಅದಾಳೆ. ಮುಂದಿನ ತಿಂಗಳು ಮದುವಿ" ಎಂದಳು.

ಆ ನೋಟವನ್ನು ವಾಣಿ ಕಂಡಳು. ಕಂಡೂ, ಹಿಂದೆ ನಲವತ್ತು ಜನ ನಿಂತಿದ್ದರಿಂದ, "ಹೋಗಿ ಕೂಡ್ರಿ" ಎಂದುಬಿಟ್ಟಳು.

ಡ್ರಮ್ಮು ಶುರುವಾಯಿತು. ಪರದೆ ಎಳೆದರು. ವೇದಿಕೆಯ ಮೇಲಿಂದ ಅಂಜನಕುಮಾರ ಮೈಕಿನಲ್ಲಿ, "ಜೋರಾಗಿ! ಇನ್ನೂ ಜೋರಾಗಿ! ನಿಲ್ಲಿಸಬ್ಯಾಡ್ರಿ!" ಎಂದು ಕೂಗುತ್ತಿದ್ದ. ಹತ್ತು ನಿಮಿಷಕ್ಕೆ ಬೆರಳುಗಳು ಸೆಟೆಯತೊಡಗಿದವು. ವಾಣಿ ಸಾಲುಗಳ ನಡುವೆ ಬಗ್ಗಿ ಬಗ್ಗಿ, "ಸಾಕು ಅನ್ನಿಸಿದ್ರೆ ಬಿಡ್ರಿ, ಮೂಗಿನಾಗೆ ಉಸಿರಾಡ್ರಿ" ಎಂದು ಕಿವಿಯಲ್ಲಿ ಹೇಳುತ್ತಾ ಹೋದಳು. ಕೆಲವರು ಬಿಟ್ಟರು. ಕೆಲವರು ಆಕೆಯ ಕೈ ತಳ್ಳಿದರು. ಮೇಲಿನಿಂದ ಒಬ್ಬ ನಿಲ್ಲಿಸಬೇಡಿ ಎಂದು ಕೂಗುವಾಗ ಕೆಳಗಿನಿಂದ ಒಬ್ಬಳು ಬಿಡಿ ಎಂದರೆ ಯಾರು ಕೇಳುತ್ತಾರೆ?

ಐದನೇ ಸಾಲಿನಲ್ಲಿ ದುರ್ಗಾ ಒಂದು ಸಲ ಚೀರಿದಳು. ಮೈ ಬಿಲ್ಲಿನಂತೆ ಸೆಟೆಯಿತು, ಆಮೇಲೆ ಕೈಕಾಲು ಅದುರತೊಡಗಿದವು.

"ಯಾರೂ ಮುಟ್ಟಬ್ಯಾಡ್ರಿ! ಶಕ್ತಿ ಎದ್ದೈತೆ!" ಎಂದ ಅಂಜನಕುಮಾರ ಮೈಕಿನಲ್ಲಿ.

ಸುತ್ತಲಿದ್ದವರು ಕೈಮುಗಿದರು. ಇಬ್ಬರು ಹುಡುಗಿಯ ಕಾಲು ಅದುಮಿ ಹಿಡಿದರು. ಒಬ್ಬ ಬೈಕಿನ ಬೀಗದ ಕೈ ತಂದು ಅವಳ ಮುಷ್ಟಿಗೆ ತುರುಕಿದ. ಇನ್ನೊಬ್ಬ ಊಟದ ಚಮಚ ತಂದು ಹಲ್ಲಿನ ನಡುವೆ ಇಡಲು ನೋಡುತ್ತಿದ್ದ. ಆಮ್ನಾ ಓಡಿ ಬಂದು ಚಮಚ ಕಿತ್ತೆಸೆದಳು. ವಾಣಿ ಗಂಟಲು ಹರಿಯುವಂತೆ ಕೂಗಿದಳು. ಡ್ರಮ್ಮಿನ ಸದ್ದಿನಲ್ಲಿ ಪಕ್ಕದವನಿಗೂ ಕೇಳಲಿಲ್ಲ.

ಆಗ ಆಕೆ ವೇದಿಕೆ ಹತ್ತಿ ಅಂಜನಕುಮಾರನ ಕೈಯಿಂದ ಮೈಕ್ ಕಸಿದುಕೊಂಡಳು.

"ಡ್ರಮ್ ನಿಲ್ಲಿಸ್ರಿ! ಎಲ್ಲರೂ ಬಾಯಿ ಮುಚ್ಚಿ ಮೂಗಿನಾಗೆ ನಿಧಾನಕ್ಕೆ ಉಸಿರಾಡ್ರಿ. ಕಣ್ಣು ಬಿಡ್ರಿ. ಆ ಹುಡುಗಿಗೆ ಫಿಟ್ಸ್ ಬಂದೈತೆ, ಶಕ್ತಿ ಅಲ್ಲ. ಬಾಯಿಗೆ ಏನೂ ಇಡಬ್ಯಾಡ್ರಿ, ಕೈಕಾಲು ಬಿಡ್ರಿ. ಯಾರಾದ್ರೂ ನೂರಾ ಎಂಟಕ್ಕೆ ಫೋನ್ ಮಾಡ್ರಿ."

ಸದ್ದು ನಿಂತಿತು. ದೀಪ ಹತ್ತಿತು. ಆಮ್ನಾ ಹುಡುಗಿಯ ತಲೆಯಡಿ ತನ್ನ ದುಪಟ್ಟಾ ಮಡಿಚಿಟ್ಟು, ಅದುರು ನಿಲ್ಲುತ್ತಿದ್ದಂತೆ ಪಕ್ಕಕ್ಕೆ ಹೊರಳಿಸಿ, ವಾಚು ನೋಡುತ್ತಾ ಕೂತಿದ್ದಳು. ಮೂರು ನಿಮಿಷವಾಗಿತ್ತು. ಆಂಬುಲೆನ್ಸ್ ಬರುವ ಹೊತ್ತಿಗೆ ದುರ್ಗಾ ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ತಿಳಿಯದೆ ಅಳುತ್ತಿದ್ದಳು.

ವಾಣಿ ಹತ್ತಿರ ಹೋದಳು. ಓಬವ್ವ ಎದ್ದು ನಿಂತು ಆಕೆಯ ಸೀರೆಯ ಸೆರಗು ಹಿಡಿದು ಎಳೆದಳು.

"ಫಿಟ್ಸ್ ಅಂತ ಯಾಕ ಕೂಗಿದಿ? ಇಷ್ಟು ಮಂದಿ ಮುಂದ ಮೈಕ್‌ನಾಗ ಯಾಕ ಕೂಗಿದಿ? ಆ ಸ್ವಾಮಿ ಶಕ್ತಿ ಬಂತು ಅಂದಿದ್ನಲ್ಲ, ಹಂಗೇ ಇರ್ತಿತ್ತಲ್ಲ! ಗಂಡಿನ ಸೋದರತ್ತಿ ಇಲ್ಲೇ ಕುಂತಾಳೆ. ನನ್ನ ಮಗಳ ಬಾಳು ತಿಂದಿ ನೀನು!"

ತಾಯಿ ಮಗಳಿಬ್ಬರನ್ನೂ ಹತ್ತಿಸಿದರು. ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಒಳಗೆ ಊಟದ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಊಟವಾದ ಮೇಲೆ ಅಂಜನಕುಮಾರ ಶಿಬಿರ ಮುಂದುವರಿಸಿದ, "ಭಯ ಹುಟ್ಟಿಸೋರ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದ ಎಂಬ ಸುದ್ದಿ ಮಾರನೇ ದಿನ ನಿಟ್ಟುವಳ್ಳಿಗೆ ತಲುಪಿತು.

ಅದರ ಮರುವಾರ ಕ್ಲಾಸಿಗೆ ಒಂಬತ್ತು ಜನ ಬಂದರು. ಉಳಿದ ಐವರು ಏನೂ ಹೇಳಲಿಲ್ಲ, ಬರಲಿಲ್ಲ ಅಷ್ಟೆ. ಬೆಲ್ಲದ ವ್ಯಾಪಾರಿ ದಾರಿಯಲ್ಲಿ ಸಿಕ್ಕಿ, "ಏನ್ ಟೀಚರ್, ಹರಿಹರದಾಗೆ ಮೈಕ್ ಕಿತ್ಕಂಡ್ರಂತೆ?" ಎಂದ. ವಾಣಿ ನಿಲ್ಲದೆ ನಡೆದಳು. ತಾನು ಮಾಡಿದ್ದು ಸರಿ ಎಂದು ಗೊತ್ತಿತ್ತು. ಆದರೆ ಓಬವ್ವ ಕೇಳಿದ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುತ್ತಾ ಹೋದಳು. ಫಿಟ್ಸ್ ಎಂಬ ಒಂದು ಶಬ್ದ ಬಿಟ್ಟು, 'ಹುಡುಗಿಗೆ ಹುಷಾರಿಲ್ಲ, ದೂರ ಸರೀರಿ' ಎಂದಿದ್ದರೆ ಆಗುತ್ತಿರಲಿಲ್ಲವೇ? ಶಕ್ತಿ ಎಂದವನ ಮೇಲಿನ ಸಿಟ್ಟಿಗೆ ಆ ಶಬ್ದ ಹೊರಬಂತೇ? ಸಾಲಿನಲ್ಲಿ ಆ ನೋಟ ಕಂಡಾಗಲೇ ಎದ್ದು, ಹುಡುಗಿಯನ್ನು ಒಂದು ಕಡೆ ಕರೆದು ಕೇಳಿದ್ದರೆ?

ಅಂಜನಕುಮಾರನ ಕಚೇರಿಗೆ ಹೋದಳು. ಸಾಕು ಎಂದವರನ್ನು ತಡೆಯಬೇಡಿ, ಕಾಯಿಲೆ ಗುಟ್ಟಾಗಿ ಕೇಳಿ, ಜನ ಜಾಸ್ತಿ ಸೇರಿಸಬೇಡಿ ಎಂದು ಹೇಳಿದಳು. ಅವನು ಎದ್ದು ಬಂದು ಆಕೆಯ ಕಾಲು ಮುಟ್ಟಿದ. "ನೀವು ದೊಡ್ಡವರು ಮೇಡಂ. ನೀವು ಹೇಳಿದ್ದು ನೂರಕ್ಕೆ ನೂರು ಸರಿ." ಜಗಳಕ್ಕೆ ಸಿದ್ಧವಾಗಿ ಹೋದವಳಿಗೆ ಜಗಳವೇ ಸಿಗಲಿಲ್ಲ. ಮೆಟ್ಟಿಲು ಇಳಿಯುವಾಗ ಆಕೆಗೆ ತನ್ನ ಮೇಲೇ ಸಿಟ್ಟು ಬಂತು. ಇಂಥ ಶಿಬಿರಕ್ಕೆ ಜಾಗ ಕೊಡಬೇಡಿ ಎಂದು ಕಲ್ಯಾಣ ಮಂಟಪದವರಿಗೆ ಕಾಗದ ಬರೆದಳು. ಉತ್ತರ ಬರಲಿಲ್ಲ. "ಸಾಕು ಬಿಡು, ಎಷ್ಟು ಅಂತ ತಲೆ ಕೆಡಿಸ್ಕಂತಿ" ಎಂದ ಕೊಟ್ಟೂರೇಶ್. ಸಾಕು ಎಂದವನ ಮೇಲೂ ರೇಗಿದಳು.

ಒಂದು ತಿಂಗಳಾದ ಮೇಲೆ, ಕ್ಲಾಸು ಮುಗಿದು ಚಾಪೆ ಸುತ್ತುವ ಹೊತ್ತಿಗೆ, ದುರ್ಗಾ ಬಂದು ಬಾಗಿಲಲ್ಲಿ ನಿಂತಳು. ಒಬ್ಬಳೇ. ಫ್ಯಾಕ್ಟರಿಯ ನೀಲಿ ಕೋಟು ಮಡಿಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು.

"ಬಾ ಒಳಗೆ, ಕೂಡು" ಎಂದಳು ವಾಣಿ.

ದುರ್ಗಾ ಕೂರಲಿಲ್ಲ. "ಮದುವಿ ನಿಂತೋತ್ರಿ" ಎಂದಳು. "ನೀವು ಮೈಕ್‌ನಾಗ ಹೇಳಬಾರದಿತ್ತು."

"ಹೌದವ್ವಾ. ಹೇಳಬಾರದಿತ್ತು. ನಿಂಗೆ ಫಿಟ್ಸ್ ಅಂತ ಊರಿಗೆ ಹೇಳಾಕ ನಾನು ಯಾರು? ತಪ್ಪಾಯ್ತು ನಂದು."

ಇಷ್ಟು ಬೇಗ ಒಪ್ಪುತ್ತಾಳೆಂದು ಹುಡುಗಿ ಎಣಿಸಿರಲಿಲ್ಲವೇನೋ. ಆಮೇಲೆ ತಾನಾಗಿಯೇ ಹೇಳಿದಳು. ಒಂಬತ್ತು ವರ್ಷದವಳಿದ್ದಾಗಿನಿಂದ ಫಿಟ್ಸ್. ಮಾತ್ರೆ ತಗೊಂಡರೆ ಬರುವುದಿಲ್ಲ, ನಾಲ್ಕು ವರ್ಷದಿಂದ ಬಂದೇ ಇರಲಿಲ್ಲ. ಮದುವೆಯಾದ ಮೇಲೆ ಮಾತ್ರೆ ಡಬ್ಬಿ ಗಂಡನ ಮನೆಯವರ ಕಣ್ಣಿಗೆ ಬೀಳಬಾರದು ಎಂಬುದು ಓಬವ್ವನ ಚಿಂತೆ. ಶಿಬಿರದ ಪರಿಚಯ ಸಭೆಯಲ್ಲಿ ಅಂಜನಕುಮಾರ, ನನ್ನ ಹತ್ತಿರ ಉಸಿರಾಟ ಕಲಿತವರಿಗೆ ಮಾತ್ರೆಯ ಗೊಡವೆಯೇ ಬೇಡ ಎಂದಿದ್ದ. ಅದನ್ನು ನಂಬಿ ಹದಿನೈದು ದಿನ ಮೊದಲೇ ತಾಯಿ ಮಾತ್ರೆ ನಿಲ್ಲಿಸಿದ್ದಳು.

"ನಿಮ್ಮ ಮುಂದ ಹೇಳೋಣ ಅಂತ ಬಾಯಿಗೆ ಬಂದಿತ್ತು. ಅವ್ವ ಪಕ್ಕದಾಗೇ ಇದ್ಲು. ಹಿಂದ ಗಂಡಿನ ಸೋದರತ್ತಿ ನಿಂತಿದ್ಲು. ಹೆಂಗೆ ಹೇಳ್ಲಿ?"

"ಈಗ ಮಾತ್ರೆ ತಗಂತಿದೀಯ?"

"ಇಲ್ರಿ. ಆಸ್ಪತ್ರ್ಯಾಗ ಕೊಟ್ಟ ಡಬ್ಬಿನೂ ಅವ್ವ ಎಸೆದಾಳೆ."

ವಾಣಿ ಅಂದೇ ಆಮ್ನಾಳಿಗೆ ಫೋನ್ ಮಾಡಿದಳು. ಮೂವರೂ ಆಟೋದಲ್ಲಿ ನರರೋಗದ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಮಾತ್ರೆ ಮತ್ತೆ ಶುರು ಮಾಡಿದರು, ಹೀಗೆ ಏಕಾಏಕಿ ನಿಲ್ಲಿಸಿದ್ದಕ್ಕೆ ಬೈದರು. ಬೈಗುಳ ತಿಂದವಳು ದುರ್ಗಾ. ಆದರೆ ಬೈಸಿಕೊಳ್ಳಬೇಕಾದವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲವೆಂದು ವಾಣಿಗೆ ಅನ್ನಿಸಿತು. ಅಲ್ಲ, ಒಬ್ಬಳು ಇದ್ದಳು, ತಾನು.

ಆಮೇಲೆ ಎಂಟು ತಿಂಗಳಾದರೂ ದುರ್ಗಾಳಿಗೆ ಫಿಟ್ಸ್ ಬಂದಿಲ್ಲ. ಕೆಲಸಕ್ಕೆ ಹೋಗುತ್ತಾಳೆ. 'ಅಂಥ ಮನೆ ತಪ್ಪಿದ್ದೇ ಒಳ್ಳೇದಾಯ್ತು' ಎನ್ನುವವರ ಮೇಲೆ ಅವಳಿಗೆ ಸಿಟ್ಟು, ಆ ಹುಡುಗ ಅವಳಿಗೆ ಇಷ್ಟವಾಗಿದ್ದ. ವಾಣಿಯ ಕ್ಲಾಸಿಗೆ ಅವಳು ಬರುವುದಿಲ್ಲ. ತಿಂಗಳಿಗೊಮ್ಮೆ ಮಾತ್ರೆ ತೀರಿದಾಗ ಆಮ್ನಾಳಿಗೆ ಫೋನ್ ಮಾಡುತ್ತಾಳೆ, ವಾಣಿಗೆ ಮಾಡುವುದಿಲ್ಲ. ಓಬವ್ವ ಒಮ್ಮೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಕಂಡು ಮುಖ ತಿರುಗಿಸಿದಳು.

ವಾಣಿ ಹಾಳೆ ಕೊಡುವುದನ್ನು ನಿಲ್ಲಿಸಿದ್ದಾಳೆ. ಈಗ ಹೊಸಬರನ್ನೂ ಹಳಬರನ್ನೂ ಒಬ್ಬೊಬ್ಬರನ್ನೇ ಭವನದ ಪಾತ್ರೆ ಕೋಣೆಗೆ ಕರೆಯುತ್ತಾಳೆ. ಜೊತೆಗೆ ಬಂದ ಗಂಡ, ತಾಯಿ, ಅತ್ತೆ ಹೊರಗೆ. ಬಾಗಿಲು ಮುಚ್ಚಿ, ಕೊಳದಪ್ಪಲೆಗಳ ನಡುವೆ ಕೂತು ಕೇಳುತ್ತಾಳೆ, ಏನನ್ನೂ ಬರೆದುಕೊಳ್ಳುವುದಿಲ್ಲ. ಮೊದಲು ಹಾಳೆಯಲ್ಲಿ ಎಲ್ಲಕ್ಕೂ 'ಇಲ್ಲ' ಎಂದು ಬರೆದಿದ್ದ ಹಳಬರಲ್ಲೇ ಮೂವರು ಈಗ ಬೇರೆ ಮಾತು ಹೇಳಿದರು. ಒಬ್ಬಳು ನಿದ್ದೆ ಬಾರದ್ದಕ್ಕೆ ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದಳು, ಮನೆಯವರಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ತಾನು ಕಾಪಾಡುತ್ತಿದ್ದದ್ದು ಜನರನ್ನಲ್ಲ, ಆ ಹಾಳೆಗಳ ಕಟ್ಟನ್ನು ಎಂದು ಆಕೆಗೆ ಅನ್ನಿಸಿತು.

ಮೊನ್ನೆ ಕೊಟ್ಟೂರೇಶ್ ಅಂಗಡಿಯಿಂದ ಒಂದು ಕರಪತ್ರ ತಂದ. ಅಂಜನಕುಮಾರನ ಮುಂದಿನ ಶಿಬಿರ ದಾವಣಗೆರೆಯಲ್ಲೇ, ಮುನ್ನೂರು ಜನಕ್ಕೆ. ಬಣ್ಣದ ಚಿತ್ರಗಳ ಅಡಿಯಲ್ಲಿ, ಕನ್ನಡಕ ಹಾಕಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಹೊಸ ಸಾಲೊಂದಿತ್ತು: 'ಆರೋಗ್ಯ ಸಮಸ್ಯೆ ಇರುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಭಾಗವಹಿಸತಕ್ಕದ್ದು.'

"ನೋಡು, ನಿನ್ನ ಮಾತು ಕೇಳ್ಯಾನೆ" ಎಂದ ಕೊಟ್ಟೂರೇಶ್, ತಮಾಷೆಗೋ ನಿಜಕ್ಕೋ.

ವಾಣಿ ಕರಪತ್ರದಲ್ಲಿದ್ದ ನಂಬರಿಗೆ ಅಲ್ಲೇ ಫೋನ್ ಮಾಡಿದಳು. ಶಿವಕುಮಾರ ಎಂದು ಹೆಸರು ಹೇಳಿದ ಗಂಡಸೊಬ್ಬ ಎತ್ತಿದ.

"ನಮ್ಮ ತಂಗಿಗೆ ಫಿಟ್ಸ್ ಐತ್ರಿ. ಶಿಬಿರಕ್ಕೆ ಬರಬೌದಾ?" ಎಂದು ಕೇಳಿದಳು. ಆಕೆಗೆ ತಂಗಿ ಇರಲಿಲ್ಲ.

"ಧಾರಾಳ ಬರ್ಲಿ ಮೇಡಂ. ಎಲ್ಲಾ ಹೋಗ್ತೈತೆ."

ವಾಣಿ ಎರಡು ಸಲ ಉಸಿರು ಬಿಟ್ಟು, ದನಿ ಎತ್ತದೆ ತಾನು ಯಾರೆಂದು ಹೇಳಿದಳು. ಹರಿಹರದ ವಿಷಯ ಹೇಳಿದಳು, ಹುಡುಗಿಯ ಹೆಸರು ಊರು ಮಾತ್ರ ಹೇಳಲಿಲ್ಲ. ಶಿವಕುಮಾರ, "ನಂಗೇನ್ ಗೊತ್ತ್ರಿ ಮೇಡಂ, ನಾನು ಫೋನ್ ಎತ್ತಾಕೆ ಇರೋನು" ಎಂದ.

"ಅದಕ್ಕೇ ನಿಮಗೆ ಹೇಳ್ತಿರೋದು. ಫೋನ್ ಎತ್ತೋರು ನೀವೇ ಅಲ್ವಾ? ಹಿಂಗೆ ಯಾರಾದ್ರೂ ಕೇಳಿದ್ರೆ, ಮಾತ್ರೆ ನಿಲ್ಲಿಸಬ್ಯಾಡ್ರಿ, ನಿಮ್ಮ ಡಾಕ್ಟರ್ ಹೂಂ ಅನ್ನದ ಹೊರತು ಬರಬ್ಯಾಡ್ರಿ ಅನ್ರಿ. ಬರ್ಕಳ್ರಿ."

"ಹೇಳ್ರಿ" ಎಂದ ಅವನು, ಬೇಸರದ ದನಿಯಲ್ಲಿ.

ವಾಣಿ ಬಿಡಿಸಿ ಬಿಡಿಸಿ ಹೇಳಿದಳು. ಬರೆದುಕೊಂಡನೋ, ಫೋನನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯುತ್ತಿದ್ದನೋ ಗೊತ್ತಾಗಲಿಲ್ಲ. "ಓದಿ ಹೇಳ್ರಿ, ಏನ್ ಬರ್ಕಂಡ್ರಿ ಕೇಳೋಣ" ಎಂದಳು. ಲೈನ್ ಕಟ್ ಆಯಿತು. ಆಕೆ ಮತ್ತೆ ಅದೇ ನಂಬರ್ ಒತ್ತಿದಳು.